ಮುಯ್ಯಿಯ ಸಾಕ್ಷ್ಯ

ಹೊಸ ಸೀಮೆಯಲ್ಲಿ ಪಯಣಿಸುವವನು ದಾರಿಯ ಕವಲಿನಲ್ಲಿ ಕೈಮರವೊಂದನ್ನು ಕಂಡರೆ ಯಾವ ವಿಚಾರಣೆಯೂ ಇಲ್ಲದೆ ಅದನ್ನು ನಂಬಿಬಿಡುತ್ತಾನೆ. ಅದನ್ನು ನೆಟ್ಟವರಾರು, ನೆಟ್ಟವರಿಗೆ ಅದರಿಂದ ದೊರೆತುದೇನು ಎಂದು ಕೇಳುತ್ತ ನಿಲ್ಲುವುದಕ್ಕೆ ಅವನಿಗೆ ಹೊತ್ತೂ ಇಲ್ಲ. ಕೇಳಿದರೆ ಹೇಳುವವರೂ ಅಲ್ಲಿಲ್ಲ. ದಾಂಡೇಲಿಯಿಂದ ಉಳವಿಯ ಕಡೆಗೂ ಜೋಯಿಡಾದ ಕಡೆಗೂ ಕಾಡಿನೊಳಗೆ ಹಾಯ್ದುಹೋಗುವ ದಾರಿಗಳನ್ನು ಬಲ್ಲವರಿಗೆ ಈ ನಂಬಿಕೆಯ ಬೆಲೆ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. 2015ರಿಂದ ಕಾಳೀ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಪಡೆದಿರುವ ಆ ಅರಣ್ಯದಲ್ಲಿ ಮೊಬೈಲಿನ ಸಂಪರ್ಕವು ಎಷ್ಟೋ ಕಡೆ ದೊರೆಯುವುದಿಲ್ಲ. ಹೊತ್ತು ಮುಳುಗುವ ಸಮಯಕ್ಕೆ ಕೈಮರವೊಂದು ಸುಳ್ಳಾಡಿದರೆ ಹೆಂಡತಿ ಮಕ್ಕಳೊಡನೆ ಬಂದವನ ಗತಿಯೇನು? ಆದುದರಿಂದಲೇ ಕೈಮರವನ್ನು ತಿರುಗಿಸಿಡುವುದನ್ನು ಯಾವ ಊರಿನವರೂ ಹುಡುಗಾಟವೆಂದು ಕ್ಷಮಿಸುವುದಿಲ್ಲ.

ಈಗಿನ ಪಯಣಿಗನಾದರೋ ಮನೆ ಬಿಡುವುದಕ್ಕೆ ಮೊದಲೇ ಇನ್ನೊಂದು ಬಗೆಯ ಕೈಮರಗಳನ್ನು ನೋಡಿಕೊಂಡು ಹೊರಡುತ್ತಾನೆ. ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕುಳಿತು, ದಾಂಡೇಲಿಯಲ್ಲಿ ಇಳಿದುಕೊಳ್ಳಲು ಯೋಗ್ಯವಾದ ಮನೆ ಯಾವುದೆಂದು ಗೂಗಲ್ ಮೊದಲಾದ ಸರ್ಚ್ ಎಂಜಿನ್ನುಗಳನ್ನು ಕೇಳುತ್ತಾನೆ. ಅವು ಒಂದರ ಕೆಳಗೊಂದರಂತೆ ಜಾಲತಾಣಗಳ ಪಟ್ಟಿಯನ್ನು ಕೊಡುತ್ತವೆ. ಮೇಲಿರುವುದೇ ಮೇಲೆಂದು ತಿಳಿದು ಅವನು ಮೊದಲಿನ ನಾಲ್ಕೈದನ್ನು ನೋಡಿ ತೃಪ್ತನಾಗುತ್ತಾನೆ; ಮೂರನೆಯ ಪುಟಕ್ಕೆ ಹೋಗುವ ತಾಳ್ಮೆ ಅವನಿಗೆಲ್ಲಿಯದು? ಈ ಪಟ್ಟಿಯಲ್ಲಿ ಮೇಲೇರುವುದಕ್ಕೆ ಇರುವ ಸಾಧನಗಳಲ್ಲಿ ಒಂದು ಲಿಂಕ್ ಎಂಬುದು. ಒಂದು ಜಾಲತಾಣದ ಪುಟದಿಂದ ಇನ್ನೊಂದರ ಪುಟಕ್ಕೆ ಕೈತೋರುವ ಕೊಂಡಿಯೇ ಅದು. ‘ನೀವು ನಮ್ಮ ಕಡೆಗೆ ಕೈತೋರಿರಿ, ನಾವು ನಿಮ್ಮ ಕಡೆಗೆ ತೋರುತ್ತೇವೆ’ ಎಂಬ ವಿನಿಮಯದ ಕೋರಿಕೆಗಳು ಜಾಲತಾಣವಿರುವ ಪ್ರತಿಯೊಬ್ಬನಿಗೂ ಬರುತ್ತಿರುತ್ತವೆ. ಇವುಗಳನ್ನು ಹೇಗೆ ತೂಗಿನೋಡಬೇಕು, ಯಾವುದನ್ನು ಒಪ್ಪಬಹುದು ಎಂಬುದು ಮೇಲುನೋಟಕ್ಕೆ ವ್ಯಾಪಾರದ ಪ್ರಶ್ನೆಯಾಗಿ ಕಂಡರೂ ಒಳಹೊಕ್ಕು ನೋಡಿದರೆ ಧರ್ಮದ ಪ್ರಶ್ನೆಯೇ ಆಗಿರುತ್ತದೆ.

ಅಂಬಿಕಾನಗರದ ಒಬ್ಬ ಗೃಹಸ್ಥನನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ. ನಾಗಝರಿ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತನಾದವನು. ಸಮೀಪದಲ್ಲಿಯೇ ತುಂಡು ಜಮೀನು ಮಾಡಿಕೊಂಡು ಎರಡು ಕೋಣೆಗಳ ಹೋಂಸ್ಟೇ ನಡೆಸುತ್ತಿರುವವನು. ಗಣೇಶಗುಡಿಯ ರಾಫ್ಟಿಂಗಿಗಾಗಿ, ಮಂಗಟ್ಟೆ ಹಕ್ಕಿಗಳನ್ನು ನೋಡುವುದಕ್ಕಾಗಿ, ಸಿಂಥೇರಿ ಬಂಡೆಗೆ, ಕವಳಾ ಗುಹೆಗೆ, ಉಳವಿಯ ಚನ್ನಬಸವಣ್ಣನ ಸನ್ನಿಧಿಗೆ ಬರುವವರೇ ಅವನ ಅತಿಥಿಗಳು. ಮಗಳು ಮಾಡಿಕೊಟ್ಟ ಜಾಲತಾಣವೊಂದು ಅವನಿಗುಂಟು. ಕವಳಾ ಗುಹೆಯ ಮೆಟ್ಟಿಲುಗಳ ವಿಷಯವಾಗಿ ಅದರಲ್ಲಿ ತಾನೇ ಒಂದು ಪುಟ ಬರೆದಿದ್ದಾನೆ. ಮಳೆಗಾಲದಲ್ಲಿ ಕೋಣೆಗಳೆರಡೂ ಬರಿದಾಗಿರುವ ಒಂದು ವಾರ ಅವನಿಗೆ ಈ-ಮೇಲಿನಲ್ಲಿ ಮೂರು ಕಾಗದಗಳು ಬರುತ್ತವೆ.

ಮೊದಲನೆಯದು ಎಂದೂ ಹೆಸರು ಕೇಳದ ಸಂಸ್ಥೆಯೊಂದರದು. ‘ನಿಮ್ಮ ಗುಹೆಯ ಲೇಖನವು ಅತ್ಯಂತ ಉಪಯುಕ್ತವಾಗಿದೆ, ನಿಮ್ಮ ಲಿಂಕನ್ನು ನಾವು ಈಗಾಗಲೇ ಹಾಕಿದ್ದೇವೆ, ನಮ್ಮದನ್ನು ನೀವು ಹಾಕತಕ್ಕದ್ದು.’ ಹೋಗಿ ನೋಡಿದರೆ ಸಾಲ ಕೊಡುವವರು, ಜೂಜಾಡಿಸುವವರು, ಕೂದಲೆಣ್ಣೆ ಮಾರುವವರು ಇವರೆಲ್ಲರ ನಡುವೆ ಅವನ ಎರಡು ಕೋಣೆಯ ಮನೆಯೂ ಒಂದು ಸಾಲಾಗಿ ಬಿದ್ದುಕೊಂಡಿದೆ. ಎರಡನೆಯದು ದಲ್ಲಾಳಿಯೊಬ್ಬನದು. ಇಬ್ಬರೇ ಪರಸ್ಪರ ಕೈತೋರಿದರೆ ಯಂತ್ರವು ಕಂಡುಹಿಡಿದೀತು, ಆದಕಾರಣ ನೀವು ಎರಡನೆಯವನಿಗೆ ತೋರಿರಿ, ಅವನು ಮೂರನೆಯವನಿಗೆ ತೋರಲಿ, ಮೂರನೆಯವನು ನಿಮಗೆ ತೋರುತ್ತಾನೆ ಎಂಬುದು ಅವನ ಉಪಾಯ. ಮೂರನೆಯದು ಗಣೇಶಗುಡಿಯ ಹತ್ತಿರ ಹೊಸದಾಗಿ ರೆಸಾರ್ಟ್ ತೆರೆದು ರಾಫ್ಟಿಂಗ್ ಏರ್ಪಡಿಸುತ್ತಿರುವ ಹೆಂಡತಿಯ ತಮ್ಮನದು. ‘ಭಾವ, ನಮ್ಮದನ್ನು ನಿಮ್ಮ ಪುಟದಲ್ಲಿ ಹಾಕಿರಿ, ನಿಮ್ಮದನ್ನು ನಾನು ಹಾಕುತ್ತೇನೆ. ಇಬ್ಬರಿಗೂ ಒಳ್ಳೆಯದಾಗುತ್ತದೆ’ ಎಂದಷ್ಟೇ ಅದರಲ್ಲಿದೆ.

ಕೈತೋರುವ ಕೊಂಡಿಗೆ ಇಷ್ಟು ಬೆಲೆ ಹೇಗೆ ಬಂತೆಂಬುದನ್ನು ತಿಳಿಯದೆ ಮುಂದಿನ ವಿಚಾರ ಸಾಗದು. ಮೊದಮೊದಲಿನ ಶೋಧಯಂತ್ರಗಳು ಪುಟದಲ್ಲಿರುವ ಶಬ್ದಗಳನ್ನು ಎಣಿಸಿ ಸ್ಥಾನ ನಿರ್ಣಯಿಸುತ್ತಿದ್ದುವು. ‘ಉತ್ತಮ ವಸತಿ, ಉತ್ತಮ ವಸತಿ’ ಎಂದು ತನ್ನನ್ನು ತಾನೇ ಹತ್ತು ಸಲ ಹೇಳಿಕೊಂಡವನು ಮೇಲಕ್ಕೆ ಬರುತ್ತಿದ್ದನು. ಇದು ಆತ್ಮಪ್ರಶಂಸೆಗೆ ಸಿಂಹಾಸನವಿಟ್ಟಂತೆ. 1998ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್, ಸರ್ಗೇ ಬ್ರಿನ್ ಎಂಬ ಇಬ್ಬರು ವಿದ್ಯಾರ್ಥಿಗಳು ಬೇರೊಂದು ಮಾರ್ಗವನ್ನು ಪ್ರಕಟಿಸಿದರು. ಪುಟವು ತನ್ನ ವಿಷಯವಾಗಿ ಏನು ಹೇಳಿಕೊಳ್ಳುತ್ತದೆಂಬುದಕ್ಕಿಂತ ಇತರ ಪುಟಗಳು ಅದರ ಕಡೆಗೆ ಕೈತೋರುತ್ತವೆಯೇ ಎಂಬುದನ್ನು ನೋಡಬೇಕೆಂಬುದೇ ಅದರ ತಿರುಳು. ಇದಕ್ಕೆ ಪೂರ್ವಿಕವಾದ ಪದ್ಧತಿಯೊಂದು ವಿದ್ವಾಂಸರಲ್ಲಿ ಮೊದಲೇ ಇತ್ತು: ಒಬ್ಬ ಶಾಸ್ತ್ರಜ್ಞನ ಪ್ರಬಂಧವನ್ನು ಬೇರೆ ಶಾಸ್ತ್ರಜ್ಞರು ಎಷ್ಟು ಮಂದಿ ಉಲ್ಲೇಖಿಸಿದ್ದಾರೆಂದು ತೋರಿಸುವ ಸೂಚಿಯನ್ನು ಯೂಜೀನ್ ಗಾರ್‌ಫೀಲ್ಡ್ ಎಂಬವರು 1964ರಲ್ಲಿಯೇ ಹೊರಡಿಸಿದ್ದರು. ಪೇಜ್ ಬ್ರಿನ್ನರ ಪದ್ಧತಿಯಲ್ಲಿ ಎರಡು ಸೂಕ್ಷ್ಮಗಳುಂಟು. ಕೈತೋರುವವನ ಘನತೆ ಎಷ್ಟೋ ಅವನ ಮಾತಿಗೆ ಅಷ್ಟು ತೂಕ; ಮತ್ತು ಅವನು ಎಷ್ಟು ಜನರಿಗೆ ಕೈತೋರುತ್ತಾನೋ ಅಷ್ಟು ಪಾಲಾಗಿ ಆ ತೂಕ ಹಂಚಿಹೋಗುತ್ತದೆ. ನೂರು ಮಂದಿಗೆ ಯೋಗ್ಯತಾಪತ್ರ ಬರೆದುಕೊಟ್ಟ ಹೆಡ್‌ಮಾಸ್ತರರ ಸಹಿಗೆ ಎಷ್ಟು ಬೆಲೆಯೋ ಅಷ್ಟೇ ಅಲ್ಲಿಯೂ. ಲಿಂಕಿನಿಂದ ಲಿಂಕಿಗೆ ಅಲೆಯುವ ಒಬ್ಬ ಪಯಣಿಗನನ್ನು ಅವರು ಊಹಿಸಿಕೊಂಡರು. ಅವನು ನೂರರಲ್ಲಿ ಸುಮಾರು 85 ಸಲ ಎದುರಿಗಿರುವ ಕೊಂಡಿಯನ್ನೇ ಹಿಡಿದು ಹೋಗುತ್ತಾನೆ, ಉಳಿದ 15 ಸಲ ಎಲ್ಲಿಗಾದರೂ ಹಾರುತ್ತಾನೆ ಎಂದು ಲೆಕ್ಕ ಹಾಕಿದರು. ಈಚೆಗೆ ಈ ಲೆಕ್ಕಕ್ಕೆ ಇನ್ನೆಷ್ಟೋ ಲಕ್ಷಣಗಳು ಕೂಡಿಕೊಂಡಿವೆ. ಆದರೂ ಕೊಂಡಿಗೆ ಇರುವ ಗೌರವ ಪೂರ್ತಿಯಾಗಿ ಅಳಿದಿಲ್ಲ.

ನಮ್ಮ ತರ್ಕಶಾಸ್ತ್ರವನ್ನು ಓದಿದವರಿಗೆ ಇದು ಪರಕೀಯವಾಗಿ ತೋರಲಾರದು. ಆಪ್ತನ ವಚನವು ಪ್ರಮಾಣವೆಂದು ನ್ಯಾಯಸೂತ್ರಕಾರರು ಒಪ್ಪಿದ್ದಾರೆ. ಆಪ್ತನೆಂದರೆ ಯಾರೆಂಬುದಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನನು ಕೊಟ್ಟ ವಿವರಣೆ ಬಹಳ ಉದಾರವಾದುದು: ವಿಷಯವನ್ನು ತಾನಾಗಿ ಕಂಡರಿತವನು, ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡುವವನು ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಆತನು ಸ್ಪಷ್ಟವಾಗಿ ಹೇಳಿರುವನು. ಜೋಯಿಡಾದ ಜೀಪಿನ ಚಾಲಕನೂ ದೋಣಿಯ ಹುಟ್ಟು ಹಾಕುವವನೂ ತಾವು ಕಂಡುದರಲ್ಲಿ ಆಪ್ತರೇ. ಅಂಬಿಕಾನಗರದ ಗೃಹಸ್ಥನು ಕವಳಾ ಗುಹೆಯ ವಿಷಯದಲ್ಲಿ ಆಪ್ತನು. ಕೂದಲೆಣ್ಣೆಯ ವಿಷಯದಲ್ಲಿ ಅಲ್ಲ. ಲಿಂಕೆಂಬುದು ಹೀಗೆ ಶಬ್ದಪ್ರಮಾಣದ ಒಂದು ಅತಿ ಸಂಕ್ಷಿಪ್ತ ರೂಪ. ‘ಇಲ್ಲಿಗೆ ಹೋಗಬಹುದು, ನಾನು ಬಲ್ಲೆ’ ಎಂಬಷ್ಟು ಅರ್ಥ ಅದರಲ್ಲಿ ಮಾತಿಲ್ಲದೆಯೇ ಅಡಗಿರುತ್ತದೆ.

ಸಾಕ್ಷ್ಯಕ್ಕೆ ಬೆಲೆ ಬಂದ ಮೇಲೆ ಅದರ ಸಂತೆಯೂ ಕೂಡಿತು. ಒಂಟೆಯ ಮದುವೆಯಲ್ಲಿ ಹಾಡಲು ಬಂದ ಕತ್ತೆಗಳ ಕಥೆಯನ್ನು ಪಾಠಶಾಲೆಯ ಎಳೆಯ ಮಕ್ಕಳೂ ಬಲ್ಲರು. ಒಂಟೆಯು ಕತ್ತೆಯ ಕಂಠವನ್ನೂ ಕತ್ತೆಯು ಒಂಟೆಯ ರೂಪವನ್ನೂ ಹೊಗಳಿ ಇಬ್ಬರೂ ಸಂತುಷ್ಟರಾದರು. 2011ರ ಫೆಬ್ರವರಿಯಲ್ಲಿ ಅಮೆರಿಕೆಯ ಜೆ. ಸಿ. ಪೆನ್ನಿ ಎಂಬ ದೊಡ್ಡ ಅಂಗಡಿಯು ಉಡುಪು ಹಾಸಿಗೆ ಮೊದಲಾದ ಎಷ್ಟೋ ಸರಕುಗಳ ಹುಡುಕಾಟದಲ್ಲಿ ತಿಂಗಳುಗಟ್ಟಲೆ ಮೊದಲನೆಯದಾಗಿ ಕಾಣುತ್ತಿದ್ದುದರ ಕಾರಣವನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಯಾವ ಸಂಬಂಧವೂ ಇಲ್ಲದ ಸಾವಿರಾರು ಪುಟಗಳಲ್ಲಿ ಅದರ ಕಡೆಗೆ ಕೈಮರಗಳು ನೆಡಲ್ಪಟ್ಟಿದ್ದುವು. ತನಗಿದು ತಿಳಿಯದೆಂದು ಅಂಗಡಿಯವರು ಹೇಳಿದರು. ಗೂಗಲ್ಲಿನವರು ಅದನ್ನು ಪಟ್ಟಿಯ ಕೆಳಕ್ಕೆ ತಳ್ಳಿದರು. 2012ರ ಏಪ್ರಿಲಿನಲ್ಲಿ ಇಂಥ ಕೃತಕ ಕೊಂಡಿಗಳನ್ನು ಹಿಡಿಯುವ ‘ಪೆಂಗ್ವಿನ್’ ಎಂಬ ತಿದ್ದುಪಡಿಯನ್ನು ಆ ಸಂಸ್ಥೆ ತನ್ನ ಯಂತ್ರದಲ್ಲಿ ತಂದಿತು. ಸ್ಥಾನಕ್ಕಾಗಿ ಮಿತಿಮೀರಿ ಲಿಂಕ್ ವಿನಿಮಯ ಮಾಡಿಕೊಳ್ಳುವುದು ನಿಷಿದ್ಧವೆಂದು ಅದರ ನಿಯಮಾವಳಿಯಲ್ಲಿಯೂ ಬರೆದಿದೆ. ಅದೇ ವರ್ಷದ ಜನವರಿಯಲ್ಲಿ ಸ್ವಾರಸ್ಯವಾದ ಪ್ರಸಂಗವೊಂದು ನಡೆದಿತ್ತು: ಗೂಗಲ್ಲಿನ ಕ್ರೋಮ್ ಎಂಬ ಬ್ರೌಸರಿನ ಪ್ರಚಾರಕ್ಕಾಗಿ ದುಡ್ಡು ಪಡೆದು ಬರೆದ ಲೇಖನದಲ್ಲಿ ಅಂಥ ಲಿಂಕು ಸಿಕ್ಕಿಬಿದ್ದುದರಿಂದ ಸಂಸ್ಥೆಯು ತನ್ನ ಪುಟವನ್ನೇ 60 ದಿನಗಳ ಮಟ್ಟಿಗೆ ಕೆಳಗಿಳಿಸಿಕೊಂಡಿತು. ನ್ಯಾಯಾಧೀಶನು ತನಗೆ ತಾನೇ ದಂಡ ವಿಧಿಸಿಕೊಂಡುದು ಪುರಾಣಗಳಲ್ಲಿಯೂ ವಿರಳ.

ಆದರೆ ಯಂತ್ರವು ಶಿಕ್ಷಿಸುತ್ತದೆಂಬುದು ಬುದ್ಧಿವಂತಿಕೆಯ ಕಾರಣವೇ ಹೊರತು ಧರ್ಮದ ಕಾರಣವಲ್ಲ. ಅದೊಂದೇ ಕಾರಣವಾಗಿದ್ದಲ್ಲಿ ದಲ್ಲಾಳಿಯ ಮುಕ್ಕೋನದ ಉಪಾಯವು ನಿರ್ದೋಷವೆನಿಸಬೇಕಾಗಿತ್ತು. ಯಂತ್ರದ ಕಣ್ಣಿಗೆ ಬೀಳದಂತೆ ಹೆಣೆದುದರಿಂದಲೇ ಅದು ಶ್ಲಾಘ್ಯವೂ ಆಗಬೇಕಾಗಿತ್ತು. ಹಾಗೆಂದು ಒಪ್ಪಲು ಯಾವ ಗೃಹಸ್ಥನ ಮನಸ್ಸೂ ಮುಂದಾಗದು. ಹಾಗಾದರೆ ತಪ್ಪು ಇರುವುದು ಎಲ್ಲಿ?

ಇಲ್ಲಿ ಪೂರ್ವಪಕ್ಷವೊಂದು ಬಲವಾಗಿಯೇ ನಿಲ್ಲುತ್ತದೆ. ಕೊಡುಕೊಳ್ಳುವಿಕೆಯಿಲ್ಲದೆ ನಮ್ಮ ಹಳ್ಳಿಗಳು ಒಂದು ದಿನವಾದರೂ ಬಾಳಿವೆಯೆ? ನಾಟಿಯ ಕಾಲದಲ್ಲಿ ಇಂದು ಇವರ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ಇವರು ಮುಯ್ಯಾಳಾಗಿ ಹೋಗುತ್ತಾರೆ. ಮದುವೆಯ ಚಪ್ಪರದಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಮದುವೆಯಲ್ಲಿ ಅದಕ್ಕೆ ಕಡಿಮೆಯಾಗದಂತೆ ಹಿಂದಿರುಗಿಸುತ್ತಾರೆ. ಇದನ್ನು ಯಾರೂ ಲಂಚವೆಂದಿಲ್ಲ. ಮುಯ್ಯಿ ತೀರಿಸದವನನ್ನೇ ಊರು ಹಳಿಯುತ್ತದೆ. ಹಾಗಿರುವಾಗ ಹೆಂಡತಿಯ ತಮ್ಮನು ಒಂದು ಲಿಂಕ್ ಕೊಟ್ಟು ಒಂದು ಲಿಂಕ್ ಕೇಳಿದರೆ ಅದು ಮುಯ್ಯಿಯಲ್ಲದೆ ಮತ್ತೇನು?

ಉತ್ತರವು ಮುಯ್ಯಿಯ ಸ್ವರೂಪದಲ್ಲಿಯೇ ಇದೆ. ಮುಯ್ಯಾಳು ಕೊಡುವುದು ತನ್ನ ಬೆವರು; ಚಪ್ಪರದಲ್ಲಿ ಕೊಡುವುದು ತನ್ನ ಹಣ, ತನ್ನ ಬಟ್ಟೆ. ಎರಡೂ ಕಡೆಯವರು ತಮ್ಮದನ್ನೇ ಕೊಟ್ಟು ತಮಗೇ ಪಡೆಯುತ್ತಾರೆ. ಅಲ್ಲಿ ಇರುವವರು ಇಬ್ಬರೇ. ಸಾಕ್ಷ್ಯದಲ್ಲಾದರೋ ಯಾವಾಗಲೂ ಮೂವರು: ಹೇಳುವವನು, ಹೇಳಿಸಿಕೊಂಡವನು, ಕೇಳಿ ನಂಬುವವನು. ಕೈ ಗೃಹಸ್ಥನದೇ, ಕೈ ತೋರಿದ ಕಡೆಗೆ ನಡೆಯುವ ಕಾಲು ಮಾತ್ರ ಪಯಣಿಗನದು. ಆ ಪಯಣಿಗನ ನಂಬಿಕೆಯೇ ಕೊಂಡಿಗೆ ಬೆಲೆ ತಂದುದು. ಅದನ್ನು ಇಬ್ಬರು ಭಾವಮೈದುನರು ತಮ್ಮೊಳಗೆ ವಿನಿಮಯ ಮಾಡಿಕೊಂಡರೆ, ಚಪ್ಪರಕ್ಕೆ ಬಾರದ ಮೂರನೆಯವನ ಗಂಟನ್ನು ಬಿಚ್ಚಿ ಇಬ್ಬರೂ ಪರಸ್ಪರ ಮುಯ್ಯಿ ಮಾಡಿದಂತಾಗುತ್ತದೆ.

ಈ ಭಯವನ್ನು ನಮ್ಮ ವ್ಯವಹಾರಶಾಸ್ತ್ರಕಾರರು ಚೆನ್ನಾಗಿ ಅರಿತಿದ್ದರು. ಸಾಕ್ಷಿಯಾಗಲು ಯಾರು ಅನರ್ಹರೆಂಬುದನ್ನು ಹೇಳುವಾಗ ವ್ಯಾಜ್ಯದ ಅರ್ಥದಲ್ಲಿ ಪಾಲುಳ್ಳವನು, ಜೊತೆಗಾರನು, ಶತ್ರು ಇವರನ್ನು ಮನುವೂ ಯಾಜ್ಞವಲ್ಕ್ಯನೂ ಹೊರಗಿಟ್ಟಿದ್ದಾರೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಆ ಯಾಜ್ಞವಲ್ಕ್ಯಸ್ಮೃತಿಯ ಮೇಲೆಯೇ ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ. ಚಮತ್ಕಾರವೇನೆಂದರೆ ಆ ಅನರ್ಹರ ಪಟ್ಟಿಯಲ್ಲಿ ‘ಆಪ್ತ’ನೂ ಸೇರಿದ್ದಾನೆ! ನ್ಯಾಯಶಾಸ್ತ್ರದಲ್ಲಿ ಯಾವನ ಮಾತು ಪ್ರಮಾಣವೋ ವ್ಯವಹಾರಶಾಸ್ತ್ರದಲ್ಲಿ ಅದೇ ಹೆಸರಿನವನ ಮಾತಿಗೆ ನ್ಯಾಯಸ್ಥಾನದ ಬಾಗಿಲು ಮುಚ್ಚಿದೆ. ವಿರೋಧವೇನೂ ಇಲ್ಲ: ಮೊದಲನೆಯವನು ವಿಷಯಕ್ಕೆ ಆಪ್ತನು, ಎರಡನೆಯವನು ವ್ಯಕ್ತಿಗೆ ಆಪ್ತನು. ಕನ್ನಡದ ಮಾತಿನಲ್ಲಿ ಎರಡನೆಯ ಅರ್ಥವೇ ಬೇರೂರಿದೆ. ಆಪ್ತರೆಂದರೆ ನಮಗೆ ಬೇಕಾದವರು. ಲಿಂಕ್ ವಿನಿಮಯದ ಗೊಂದಲವೆಲ್ಲ ಈ ಎರಡು ಅರ್ಥಗಳ ನಡುವಣ ಸಂಧಿಯಲ್ಲಿ ಹುಟ್ಟಿದುದು. ಜಾಲತಾಣಗಳದೊಂದೇ ಏಕೆ, ಒಬ್ಬರ ಕವನಸಂಗ್ರಹಕ್ಕೆ ಇನ್ನೊಬ್ಬರು ಮುನ್ನುಡಿ ಬರೆದು, ಮುಂದಿನ ವರ್ಷ ಅವರ ಸಂಗ್ರಹಕ್ಕೆ ಇವರು ವಿಮರ್ಶೆ ಬರೆಯುವ ಸಾಹಿತ್ಯಸಂಘಗಳಲ್ಲಿಯೂ ಈ ಸಂಧಿಕಾರ್ಯವು ನಡೆಯದೆ ಇಲ್ಲವೆಂದು ಬಲ್ಲವರು ನಗುತ್ತಾರೆ.

ಹಾಗೆಂದ ಮಾತ್ರಕ್ಕೆ ಪರಸ್ಪರ ಕೈತೋರಿದವರೆಲ್ಲರೂ ದೋಷಿಗಳೆಂದು ತೀರ್ಮಾನಿಸುವುದು ಅವಿವೇಕ. ಗೃಹಸ್ಥನ ಮನೆಯಲ್ಲಿ ಇಳಿದುಕೊಂಡವರಿಗೆ ಕಾಡು ತೋರಿಸುವ ಮಾರ್ಗದರ್ಶಕನೊಬ್ಬನು ಜೋಯಿಡಾದಲ್ಲಿರಬಹುದು. ಅವನ ಹಕ್ಕಿಯ ಜ್ಞಾನವನ್ನು ಇವನು ಹತ್ತು ಸಲ ಕಂಡಿದ್ದಾನೆ. ಇವನ ಮನೆಯ ಊಟವನ್ನು ಅವನು ಹತ್ತು ಸಲ ಉಂಡಿದ್ದಾನೆ. ಒಬ್ಬರ ಪುಟದಲ್ಲಿ ಇನ್ನೊಬ್ಬರ ಹೆಸರಿದ್ದರೆ ಪಯಣಿಗನಿಗೆ ಉಪಕಾರವೇ. ಎರಡು ಊರುಗಳ ನಡುವಣ ದಾರಿಯಲ್ಲಿ ಎರಡು ತುದಿಗೂ ಕೈಮರವಿರುವುದು ಸಹಜ. ಹಾಗಾದರೆ ಸಹಜವಾದುದನ್ನೂ ಕೃತಕವಾದುದನ್ನೂ ಬೇರ್ಪಡಿಸುವುದು ಹೇಗೆ? ತಾರ್ಕಿಕರ ಅನ್ವಯ ವ್ಯತಿರೇಕಗಳೇ ಇಲ್ಲಿ ಸಾಕು. ಪ್ರತಿಫಲವಿದ್ದರೆ ಲಿಂಕುಂಟು, ಪ್ರತಿಫಲವಿಲ್ಲದಿದ್ದರೆ ಲಿಂಕಿಲ್ಲ ಎಂದಾದರೆ ಲಿಂಕಿಗೆ ಕಾರಣವು ಪ್ರತಿಫಲವೇ ಹೊರತು ಯೋಗ್ಯತೆಯಲ್ಲ. ಕೋರಿಕೆಯ ಕಾಗದ ಬಂದಾಗ ಅದರಲ್ಲಿರುವ ‘ನಿಮ್ಮದನ್ನು ನಾವು ಹಾಕುತ್ತೇವೆ’ ಎಂಬ ವಾಕ್ಯವನ್ನು ಕೈಯಿಂದ ಮುಚ್ಚಿ ಉಳಿದುದನ್ನು ಓದಬೇಕು. ಉಳಿದುದರಲ್ಲಿ ಪಯಣಿಗನಿಗೆ ಬೇಕಾದುದೇನಾದರೂ ಇದೆಯೆ? ಬರೆದವನು ತನ್ನ ಪುಟವನ್ನು ನಿಜವಾಗಿಯೂ ಓದಿದ್ದಾನೆಯೆ, ಇಲ್ಲವೆ ಒಂದೇ ಹೊಗಳಿಕೆಯನ್ನು ಸಾವಿರ ಮಂದಿಗೆ ಕಳುಹಿದ್ದಾನೆಯೆ? ಈ ಲಿಂಕನ್ನು ಅತಿಥಿಯ ಎದುರಿಗೆ ಕುಳಿತು ಬಾಯಲ್ಲಿಯೂ ಹೇಳಲು ಸಾಧ್ಯವೆ? ದುಡ್ಡಿಗೋ ಪ್ರತಿಫಲಕ್ಕೋ ಹಾಕಿದ ಲಿಂಕಾದರೆ ಅದನ್ನು ಹಾಗೆಂದು ಗುರುತಿಸಿ, ಸ್ಥಾನದ ಲೆಕ್ಕಕ್ಕೆ ಬಾರದಂತೆ ಮಾಡುವ ಚಿಹ್ನೆಗಳೂ ಉಂಟು. ಒಂದು 2005ರಲ್ಲಿ ಬಂದುದು, ಜಾಹೀರಾತಿಗೆಂದೇ ಇನ್ನೊಂದು 2019ರಲ್ಲಿ ಬಂದುದು. ಆ ಚಿಹ್ನೆಯೊಡನೆ ಹಾಕುತ್ತೇನೆಂದರೆ ಎದುರಿನವನಿಗೆ ಆಸಕ್ತಿ ಕಳೆದುಹೋಗುವುದಾದರೆ, ಅವನಿಗೆ ಬೇಕಾದುದು ಅತಿಥಿಯಲ್ಲವೆಂಬುದು ಆಗಲೇ ತಿಳಿಯಿತು.

ಇನ್ನೊಂದು ಆಕ್ಷೇಪವು ಇಷ್ಟು ಸುಲಭವಾಗಿ ತೀರದು. ದೊಡ್ಡ ದೊಡ್ಡ ಬುಕಿಂಗ್ ಸಂಸ್ಥೆಗಳು ದುಡ್ಡು ಸುರಿದು ಮೊದಲನೆಯ ಪುಟವನ್ನು ತುಂಬಿಕೊಂಡಿರುವಾಗ ಎರಡು ಕೋಣೆಯ ಮನೆಯವನಿಗೆ ಮಾತ್ರ ಈ ಸೂಕ್ಷ್ಮಧರ್ಮವನ್ನು ಬೋಧಿಸುವುದು ನ್ಯಾಯವೆ? ಸಂಚಾರಿಗಳನ್ನೇ ನಂಬಿದ ಸೀಮೆಯಲ್ಲಿ ಮೂರನೆಯ ಪುಟಕ್ಕೆ ಬೀಳುವುದೆಂದರೆ ಬೇಸಿಗೆಯಲ್ಲಿಯೂ ಕೋಣೆ ಬರಿದಾಗಿರುವುದೆಂದರ್ಥ. ಪಿಂಚಣಿ ಬರುವ ಅಂಬಿಕಾನಗರದ ಗೃಹಸ್ಥನು ಅದನ್ನು ಸಹಿಸಬಲ್ಲನು. ಗಂಡನನ್ನು ಕಳೆದುಕೊಂಡು ಒಂದೇ ಕೋಣೆಯ ಬಾಡಿಗೆಯಿಂದ ಮಕ್ಕಳನ್ನು ಓದಿಸುವ ಹೆಂಗಸೊಬ್ಬಳು ಜೋಯಿಡಾದಲ್ಲಿದ್ದರೆ? ಆಪತ್ತಿನಲ್ಲಿ ಧರ್ಮವು ಬಾಗುತ್ತದೆಂದು ಸ್ಮೃತಿಗಳೇ ಒಪ್ಪಿವೆ. ಅವಳ ಹತ್ತು ವಿನಿಮಯದ ಲಿಂಕುಗಳನ್ನು ಜೆ. ಸಿ. ಪೆನ್ನಿಯ ಸಾವಿರಾರು ಲಿಂಕುಗಳೊಡನೆ ಒಂದೇ ತಕ್ಕಡಿಯಲ್ಲಿಡುವವನು ತೂಕವನ್ನೇ ಅರಿಯನು. ಆದರೆ ಅವಳ ಆಪತ್ತಿಗೆ ಕಾರಣನಾದವನು ಪಯಣಿಗನಲ್ಲವೆಂಬ ಮಾತು ಆಗಲೂ ಉಳಿದುಕೊಳ್ಳುತ್ತದೆ. ಅವಳ ಲಿಂಕು ಕರೆದೊಯ್ಯುವುದು ಸಾಧುವಾದ ಮನೆಗಾದರೆ ದೋಷ ಅಲ್ಪ, ಕೆಟ್ಟ ಮನೆಗಾದರೆ ಬಡತನವು ಅದನ್ನು ತೊಳೆಯಲಾರದು ಎಂಬಷ್ಟರ ಮಟ್ಟಿಗೆ ಹೇಳಬಹುದು. ಇದಕ್ಕಿಂತ ಹೆಚ್ಚಿನ ನಿರ್ಣಯವನ್ನು ಬೆಚ್ಚಗಿನ ಮನೆಯಲ್ಲಿ ಕುಳಿತವರು ಕೊಡದಿರುವುದೇ ಲೇಸು.

ಮತ್ತೆ ಆ ಮೂರು ಕಾಗದಗಳಿಗೆ ಬರುವುದಾದರೆ, ಮೊದಲನೆಯದನ್ನು ಅಳಿಸಿಹಾಕಲು ಗೃಹಸ್ಥನಿಗೆ ಕ್ಷಣವೂ ಬೇಕಾಗಲಿಲ್ಲ. ಎರಡನೆಯದರಲ್ಲಿ ವಿನಿಮಯದ ದೋಷಕ್ಕೆ ಕಪಟವೂ ಕೂಡಿತ್ತು. ಮುಚ್ಚಿಡಬೇಕೆಂದು ದಲ್ಲಾಳಿಯೇ ಹೇಳಿಕೊಟ್ಟುದರಿಂದ ಅದು ಮುಚ್ಚಿಡತಕ್ಕದ್ದೆಂದು ಸುಲಭವಾಗಿ ತಿಳಿಯಿತು. ‘ಬೇಡ’ ಎಂದು ಒಂದೇ ಸಾಲು ಬರೆದನು. ಆ ದಿನವೇ ಮಗಳಿಗೆ ಹೇಳಿ ಜೋಯಿಡಾದ ಮಾರ್ಗದರ್ಶಕನ ಹೆಸರನ್ನು ತನ್ನ ಪುಟದಲ್ಲಿ ಹಾಕಿಸಿದನು. ಆ ಮನುಷ್ಯನಿಗೆ ಜಾಲತಾಣವಿಲ್ಲದುದರಿಂದ ಅದು ಲಿಂಕೂ ಆಗಲಿಲ್ಲ, ಬರಿಯ ದೂರವಾಣಿಯ ಸಂಖ್ಯೆಯಾಯಿತು.

ಕಷ್ಟವೆಲ್ಲ ಮೂರನೆಯದರಲ್ಲಿ. ‘ನನ್ನ ತಮ್ಮನಿಗೆ ಒಂದು ಸಾಲು ಬರೆಯುವುದಕ್ಕೆ ಇಷ್ಟು ಶಾಸ್ತ್ರ ಬೇಕೆ?’ ಎಂದು ಹೆಂಡತಿ ಕೇಳಿದಳು. ದಾಕ್ಷಿಣ್ಯವೆಂಬುದು ಗುಣವೋ ದೋಷವೋ ಎಂಬುದನ್ನು ಯಾವ ಭಾಷ್ಯಕಾರನೂ ಗೃಹಸ್ಥರ ಪರವಾಗಿ ಇತ್ಯರ್ಥ ಮಾಡಿಲ್ಲ. ಗಣೇಶಗುಡಿಯಲ್ಲಿ ಹರಿಯುವ ನೀರು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದೆ ನಿಂತು, ವಿದ್ಯುತ್ತಿನ ಅವಶ್ಯಕತೆಗೆ ತಕ್ಕಂತೆ ಬಿಡಲ್ಪಡುವ ನೀರು. ಯಾವ ಹೊತ್ತಿನಲ್ಲಿ ಹೇಗೆ ಏರುತ್ತದೆಂಬುದನ್ನು ವಿದ್ಯುದಾಗಾರದಲ್ಲಿ ದುಡಿದವನು ಇತರರಿಗಿಂತ ಚೆನ್ನಾಗಿ ಬಲ್ಲನು. ಆ ನೀರಿನ ಮೇಲೆ ಮಕ್ಕಳನ್ನು ದೋಣಿಗೆ ಹತ್ತಿಸುವವನ ಕಡೆಗೆ ಕೈತೋರುವುದಕ್ಕೆ ಮೊದಲು ಲೈಫ್ ಜಾಕೆಟ್ಟುಗಳನ್ನಾದರೂ ಕಣ್ಣಾರೆ ನೋಡಬೇಕಲ್ಲವೆ? ಮೈದುನನು ಒಳ್ಳೆಯವನೇ. ಅವನ ದೋಣಿ ಹೇಗಿದೆಯೆಂಬುದು ಬೇರೆ ಮಾತು. ಮಳೆ ನಿಂತು ರಾಫ್ಟಿಂಗ್ ಮತ್ತೆ ಆರಂಭವಾದ ಮೇಲೆ ಒಂದು ಭಾನುವಾರ ಹೋಗಿಬರುವುದೆಂದು ಗೃಹಸ್ಥನು ನಿಶ್ಚಯಿಸಿದನು. ಅಲ್ಲಿಯವರೆಗೆ ಕಾಗದಕ್ಕೆ ಉತ್ತರ ಹೋಗಿಲ್ಲ. ಹೆಂಡತಿಯೂ ಪೂರ್ತಿಯಾಗಿ ಮಾತನಾಡುತ್ತಿಲ್ಲ.